ಸೊಸೆಯ ಕಂಪ್ಯೂಟರಿನ ಗಾಜು ಬಿಚ್ಚಿದ್ದು

ಮಾರ್ಚ್ ೪, ಬೆಳಿಗ್ಗೆ

ಮತ್ತೆ ಅದೇ ಗೊರಗೊರ. ಸೊಸೆಯ ಕಂಪ್ಯೂಟರಿನ ಫ್ಯಾನು. ಮಿಕ್ಸಿಗೆ ಕಲ್ಲು ಹಾಕಿದ ಹಾಗೆ. ಅದಕ್ಕೆ ಬೇರೆ ಡಬ್ಬ ಇಲ್ಲ. ಪರದೆಯ ಬೆನ್ನಿನೊಳಗೇ ಎಲ್ಲ. ಮಕ್ಕಳ ಪುಸ್ತಕಕ್ಕೆ ಹಕ್ಕಿಗಳ ಚಿತ್ರ ಬರೆಯುತ್ತಿದ್ದಾಳೆ. ಸೋಮವಾರ ಕಳಿಸಬೇಕು. ಚಿತ್ರವೆಲ್ಲ ಅದರೊಳಗೇ — ಬೇರೆಲ್ಲೂ ಇಲ್ಲ.

"ರಿಪೇರಿಯವಳಿಗೆ ತೋರಿಸಬಾರದೇನೇ?" ಅಂದೆ.

"ಕೊಟ್ರೆ ವಾರ ಇಟ್ಕೋತಾಳೆ ಅತ್ತೆ. ಸೋಮವಾರ ಕಳೀಲಿ. ಅಲ್ಲೀವರೆಗೆ ಕಿವಿಗೆ ಹತ್ತಿ ಇಟ್ಕೊಳ್ಳಿ."

ನನ್ನ ಕಿವಿಯ ಮಾತಲ್ಲ. ಅದರ ಬೆನ್ನು ಮುಟ್ಟಿ ನೋಡಿದೆ, ಇಸ್ತ್ರಿಪೆಟ್ಟಿಗೆಯ ಬಿಸಿ. ಸೋಮವಾರದೊಳಗೆ ನಿಂತೇಹೋದರೆ?

ಮಾರ್ಚ್ ೬, ಹತ್ತು ಗಂಟೆ

ಸೊಸೆ ಅಕ್ಕನ ಮಗುವನ್ನು ನೋಡಲು ಹೋದಳು. ನಾಡಿದ್ದು ಬರುತ್ತಾಳೆ. ಮನೆಯಲ್ಲಿ ನಾನು, ಅದು.

ಅಂಗಡಿ ಇಟ್ಟು ಫೋಟೋಗಳಿಗೆ ಕಟ್ಟು ಹಾಕಿದ ಕೈ ಇದು. ಅಂಟಿಕೊಂಡ ಗಾಜು ಎಷ್ಟು ಬಿಚ್ಚಿಲ್ಲ! ಇದೂ ಒಂದು ಕಟ್ಟೇ. ಬಿಚ್ಚಿ, ದೂಳು ಒರೆಸಿ, ಕೂರಿಸಿದರಾಯಿತು. ಪ್ಲಗ್ ಕಿತ್ತಿದ್ದೇನೆ. ಕೂದಲು ಒಣಗಿಸುವ ಮಷೀನಿನಿಂದ ಅಂಚು ಕಾಯಿಸಿದೆ, ಅಂಟು ಮೆತ್ತಗಾಯಿತು. ಬಲಗಡೆ ಬಿಟ್ಟಿತು. ಮೇಲೂ ಬಿಟ್ಟಿತು. ಹಾ, ಕೈ ಮರೆತಿಲ್ಲ...

ಅದೇ ದಿನ, ಮಧ್ಯಾಹ್ನ

ಅಂಟು ಬಿಟ್ಟ ಗಾಜನ್ನು ಒಂದೇ ಸಲ ನಮ್ಮ ಕಡೆಗೆ ಎಳೆದುಕೊಳ್ಳಬೇಕು, ನಡುವೆ ನಿಲ್ಲಿಸಿದರೆ ಸೀಳು ಬಿಡುತ್ತದೆ — ಅದು ಕಟ್ಟು ಹಾಕುವವರ ಅಭ್ಯಾಸ. ಹಾಗೇ ಎಳೆದೆ. ಟಪ್.

ಫೋಟೋ ಗಾಜಿನ ಹಿಂದೆ ರಟ್ಟು ಬಿಟ್ಟರೆ ಏನಿರುತ್ತದೆ? ಇದರ ಹಿಂದೆ ಲಾಡಿಯಂಥ ಪಟ್ಟಿ ಇತ್ತು, ಒಳಗಿನ ಬೋರ್ಡಿಗೆ ಸಿಕ್ಕಿಸಿದ್ದು. ಹರಿದಿದೆ.

ಆದರೂ ಒಳಗೆಲ್ಲ ಒರೆಸಿದೆ. ಕೂರಿಸಿ ಸ್ವಿಚ್ ಹಾಕಿದೆ. ಟಿಂಗ್ ಅಂದಿತು. ಪರದೆ ಕಪ್ಪು. ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು.

ಆಗಲೇ ಫೋನು. "ಅತ್ತೆ, ಗೊರಗೊರ ಇಲ್ದೆ ಕಿವಿಗೆ ಆರಾಮಾಗಿರ್ಬೇಕು!" ನಕ್ಕಳು. ನಾನೂ ನಕ್ಕೆ. ಥೂ.

ಮಾರ್ಚ್ ೭

ರಿಪೇರಿಯವಳು ಬಂದು ನೋಡಿದವಳೇ ಹಣೆ ಚಚ್ಚಿಕೊಂಡಳು.

"ಇದೇನಜ್ಜಿ, ಯಜಮಾನ್ರ ಫೋಟೋ ಅಂದ್ಕೊಂಡ್ರಾ? ಈ ಮೂಲೆ ಬೋರ್ಡ್ ಮುಟ್ಟಿದ್ರಾ?"

"ಒರೆಸಿದೆ."

"ಪ್ಲಗ್ ಕಿತ್ರೂ ಅದರಲ್ಲಿ ಕರೆಂಟ್ ಉಳಿದಿರುತ್ತೆ. ಪುಣ್ಯ, ಮಾತಾಡ್ತಾ ಇದ್ದೀರಿ."

ಕೈ ಹಿಂದೆ ಕಟ್ಟಿಕೊಂಡೆ. "ಚಿತ್ರಗಳು?"

"ಪರದೆ ಹೋಯ್ತು. ಒಳಗಿನ ಚಿತ್ರ ಇದ್ಯೋ ಇಲ್ವೋ, ನಾಳೆ ವಯರ್ ತಂದು ಟಿವಿಗೆ ಸಿಕ್ಕಿಸಿದ್ರೇ ಗೊತ್ತಾಗೋದು." ಹೊಸಿಲು ದಾಟುತ್ತ ತಿರುಗಿದಳು. "ಸೊಸೆಗೆ ತಾನಾಗೇ ಕೆಟ್ಟಿತು ಅಂದ್ಬಿಡಿ. ನಾನಂತೂ ಬಾಯಿ ಬಿಡಲ್ಲ."

ತಾನಾಗೇ ಕೆಟ್ಟಿತು — ಒಬ್ಬಳೇ ಹೇಳಿ ನೋಡಿದೆ. ಎಷ್ಟು ಸಲೀಸಾಗಿ ಬರುತ್ತದೆ! ಅದಕ್ಕೇ ಹೆದರಿಕೆ.

ಮಾರ್ಚ್ ೮, ಹನ್ನೊಂದು ಗಂಟೆ

ಟಿವಿಯಲ್ಲಿ ಮರಕುಟಿಗ ಬಂತು! ಆಮೇಲೆ ಗೂಬೆ, ಕೊಕ್ಕರೆ, ಗಿಣಿ... ಒಂದೂ ಹೋಗಿಲ್ಲ. ರಿಪೇರಿಯವಳ ಕೆನ್ನೆ ಹಿಂಡಿದೆ.

ಆದರೂ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಮೂರು ಸಲ ಗೇಟಿನವರೆಗೆ ಹೋಗಿ ಬಂದೆ.

ಸಂಜೆ

ಅವಳು ಚೀಲ ಇಳಿಸುವ ಮೊದಲೇ ಬಾಗಿಲಲ್ಲಿ ಹೇಳಿಬಿಟ್ಟೆ. "ನಾನೇ ಬಿಚ್ಚಿದೆ. ನಾನೇ ಹರಿದೆ. ಚಿತ್ರ ಇವೆ."

"ಸೋಮವಾರ ಕಳೀಲಿ ಅಂದಿದ್ದೆ ಅಲ್ವಾ ಅತ್ತೆ?"

"ಅಂದಿದ್ದೆ ನೀನು."

"ಒಂದು ಮಾತು ಕೇಳ್ಬಹುದಿತ್ತು."

"ಕೇಳಿದ್ರೆ ನೀನು ಬೇಡ ಅಂತಿದ್ದೆ."

ಅಷ್ಟೇ. ಆಗ ಟಿವಿ ಮುಂದೆ ಕೂತವಳು ಎದ್ದಿಲ್ಲ. ಅದರಲ್ಲಿ ಬಣ್ಣವೆಲ್ಲ ಬೇರೆಯಾಗಿ ಕಾಣುತ್ತದಂತೆ — ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು, ನನಗಲ್ಲ. ಬಳಿಯುತ್ತಾಳೆ, ಅಳಿಸುತ್ತಾಳೆ. ಇಟ್ಟ ಟೀ ಆರಿತು. ಬೈದಿದ್ದರೆ ವಾಸಿಯಿತ್ತು. ಅಡುಗೆಮನೆಯಲ್ಲಿ ಕೂತು ಇದನ್ನು ಗೀಚುತ್ತಿದ್ದೇನೆ, ಪಾತ್ರೆ ಸದ್ದಾಗದ ಹಾಗೆ...

ಕರೆಯುತ್ತಿದ್ದಾಳೆ.

"ಅತ್ತೆ, ಬನ್ನಿ ಇಲ್ಲಿ. ಈ ಗಿಣಿ ನಿಮಗೆ ಹಸಿರು ಕಾಣತ್ತಾ, ಹಳದೀನಾ? ನನ್ನ ಕಣ್ಣು ನಂಬೋ ಹಾಗಿಲ್ಲ. ನಿಜ ಹೇಳ್ಬೇಕು."

ಕನ್ನಡಕ ಎಲ್ಲಿಟ್ಟೆ —