ಬೂದುಕುದುರೆ ಕಲ್ಲಿನ ಆಚೆ

ಕಿರ್ಕ್‌ಟನ್
ಮಂಗಳವಾರ, 14 ಅಕ್ಟೋಬರ್ 1834

ಮಧ್ಯಾಹ್ನ. ಉತ್ತರದ ಗಾಳಿ. ನಿನ್ನ ಅಚ್ಚಿನ ಕರಡು ಹಾಳೆಗಳು ಶನಿವಾರ ಬಂದವು, ಓದಿ ಮುಗಿಸಿದ್ದೇನೆ. ನಾಡಿದ್ದು ಗುರುವಾರ ಎಡಿನ್‌ಬರೋದ ಕಮಿಷನರ್ ಜೌಗುನೆಲದ ವ್ಯಾಜ್ಯದ ಸಾಕ್ಷಿ ಕೇಳಲು ನಮ್ಮೂರಿನ ಛತ್ರಕ್ಕೆ ಬರುತ್ತಾರೆ.

ಗಿಡಿಯನ್,

ನಾನು ಕ್ಷೇಮ. ಹಸುವಿಗೆ ಕೆಮ್ಮು. ನಿನ್ನ ಕ್ಷೇಮವನ್ನು ಕೇಳುವ ಅಗತ್ಯ ಕಾಣುವುದಿಲ್ಲ. ನೀನಿರುವ ಕೋಟೆಯ ಅಡುಗೆಮನೆಗೆ ಹೋಗುವ ಗಾಡಿ ನಮ್ಮ ಬಾಗಿಲ ಮುಂದೆಯೇ ಹಾದುಹೋಗುತ್ತದೆ, ಅದರ ಮೇಲೆ ಏನೇನು ಹೇರಿರುತ್ತದೆಂದು ನೋಡುತ್ತಲೇ ಇದ್ದೇನೆ.

ಎಂದಿನಂತೆ ನಿನ್ನ ಚರಿತ್ರೆಯನ್ನು ತಿದ್ದಿಕೊಡಬೇಕೆಂದು ಕೇಳಿದ್ದೀಯ. ಮದುವೆಯಾದಂದಿನಿಂದ ನೀನು ಬರೆದದ್ದನ್ನೆಲ್ಲ ತಿದ್ದಿದ್ದೇನೆ. ಶಾಲೆಯ ವರದಿ ತಿದ್ದಿದ್ದೇನೆ, ಪಾದ್ರಿಗೆ ಬರೆದ ದೂರು ತಿದ್ದಿದ್ದೇನೆ, ನಿನ್ನ ಅಪ್ಪನ ಸಮಾಧಿಯ ಮೇಲಿನ ನಾಲ್ಕು ಸಾಲುಗಳನ್ನೂ ತಿದ್ದಿದ್ದೇನೆ. ಈ ಕೌಂಟಿಯ ಮತ್ತು ಅದರ ಕುಲೀನ ಮನೆತನಗಳ ಚರಿತ್ರೆಯನ್ನೂ ಅದೇ ಪೆನ್ಸಿಲ್ ಹಿಡಿದು ಓದಿದೆ. ಆರು ಅಧ್ಯಾಯಗಳಲ್ಲಿ ಕಾಗುಣಿತದ ತಪ್ಪು ಹೆಚ್ಚಿಲ್ಲ. ಉಳಿದದ್ದನ್ನು ತಿದ್ದಲು ಪೆನ್ಸಿಲ್ ಸಾಲದು.

ಎರಡನೆಯ ಅಧ್ಯಾಯದಲ್ಲಿ ಡ್ರಮ್‌ಗಾರ್ವಿಯ ನಾಲ್ಕನೆಯ ಪ್ರಭುವಿಗೆ 'ನೆರೆಯವರೊಡನೆ ಕೆಲವು ಭಿನ್ನಾಭಿಪ್ರಾಯಗಳಿದ್ದವು' ಎಂದು ಬರೆದಿದ್ದೀಯ. ಅವನು ಆ ನೆರೆಯವರನ್ನು ಸಂಧಾನದ ಊಟಕ್ಕೆ ಕರೆದು, ಹುಲ್ಲಿನ ಕೊಟ್ಟಿಗೆಯಲ್ಲಿ ಮಲಗಿಸಿ, ಕೊಟ್ಟಿಗೆಗೆ ಬೆಂಕಿ ಇಟ್ಟ. ಇದನ್ನು ನಿನ್ನ ಶಾಲೆಯ ಮಕ್ಕಳಿಗೆ ನೀನೇ ಹೇಳುತ್ತಿದ್ದೆ, ಬೇಕಾದದ್ದಕ್ಕಿಂತ ಹೆಚ್ಚು ಉತ್ಸಾಹದಿಂದ. ಆರನೆಯವನು ದಂಗೆಯ ವರ್ಷ ಬೆಳಿಗ್ಗೆ ಒಬ್ಬ ರಾಜನ ಕಡೆ, ಸಂಜೆ ಇನ್ನೊಬ್ಬನ ಕಡೆ. ಅದಕ್ಕೆ ನೀನಿಟ್ಟ ಹೆಸರು 'ವಿವೇಕ'. ಪಕ್ಕದ ಕಣಿವೆಯಿಂದ ಇನ್ನೂರು ದನ ಹೊಡೆದುಕೊಂಡು ಬಂದವನು 'ಚೈತನ್ಯಶಾಲಿ'. ನಮ್ಮ ನೂಲುವ ಮುದುಕಿ ಎಲ್ಸ್‌ಪೆಟ್‌ಳ ಅಜ್ಜ ಒಂದೇ ಒಂದು ಟಗರು ಕದ್ದು ನೇಣಿಗೆ ಹೋದ. ಚೈತನ್ಯ ಸಾಲಲಿಲ್ಲ, ಪಾಪ.

ನಮ್ಮ ಊರನ್ನು ಹುಡುಕಿದೆ. ಒಂದು ಕಡೆ ಸಿಕ್ಕಿತು: ಈಗಿನ ಪ್ರಭುವಿನ ಅಜ್ಜ ಕುದುರೆಯಿಂದ ಬಿದ್ದ ಸ್ಥಳ. ಕುದುರೆಯ ಹೆಸರೂ ಇದೆ, ಬಣ್ಣವೂ ಇದೆ. ಅವನನ್ನು ಎತ್ತಿ ಮನೆ ಮುಟ್ಟಿಸಿದವರು 'ಕೆಲವು ಗುಡಿಸಲುವಾಸಿಗಳು'. ಅವರಲ್ಲಿ ಒಬ್ಬ ನಿನ್ನ ಅಜ್ಜ.

ಇದನ್ನೆಲ್ಲ ನಗುತ್ತಲೇ ಓದಿದೆ. ಎಲ್ಸ್‌ಪೆಟ್ ನೂಲುತ್ತ ಕೂತಿದ್ದಳು, ಅವಳಿಗೂ ಓದಿ ಹೇಳಿದೆ. "ಇಷ್ಟು ದಪ್ಪ ಪುಸ್ತಕದಲ್ಲಿ ಒಬ್ಬನಾದ್ರೂ ಕೆಲ್ಸ ಮಾಡಿದ್ದು ಬರ್ದಿದಾರಾ ಮೇಷ್ಟ್ರು?" ಅಂದಳು. ಹುಡುಕಿ ನೋಡಿದೆ, ಇರಲಿಲ್ಲ. "ಹೋಗ್ಲಿ ಬಿಡೇ, ಹಂದೀನೂ ಕೆಲ್ಸ ಮಾಡಲ್ಲ. ಆದ್ರೆ ಅದು ಯಾರ ಹತ್ರಾನೂ ಚರಿತ್ರೆ ಬರ್ಸಲ್ಲ" ಅಂದಳು.

ಆಮೇಲೆ ಏಳನೆಯ ಅಧ್ಯಾಯ ಬಂತು. ಅದನ್ನು ಅವಳಿಗೆ ಓದಿ ಹೇಳಲಿಲ್ಲ.

'ಕಿರ್ಕ್‌ಟನ್ನಿನ ಹಿಂದಿನ ಜೌಗುನೆಲ ಅನಾದಿಯಿಂದಲೂ ಡ್ರಮ್‌ಗಾರ್ವಿ ಮನೆತನದ ಸ್ವತ್ತು; ಗಡಿಯು ಊರ ಹಿತ್ತಲಿನ ಹಳ್ಳದ ಗುಂಟ ಸಾಗುತ್ತದೆ; ಗ್ರಾಮಸ್ಥರು ಅಲ್ಲಿ ಪೀಟ್ ಕಡಿಯುತ್ತ ಬಂದದ್ದು ಪ್ರಭುಗಳ ಔದಾರ್ಯದಿಂದ.' ಮೂರು ಸಲ ಓದಿದೆ. ವಾಕ್ಯರಚನೆಯಲ್ಲಿ ದೋಷವಿಲ್ಲ.

ಕೋಟೆಯಲ್ಲಿ ಕಲ್ಲಿದ್ದಲು ಉರಿಸುತ್ತಾರೆ, ಆದ್ದರಿಂದ ನಿನಗೆ ಮರೆತಿರಬಹುದು. ಇಲ್ಲಿ ನಲವತ್ತು ಮನೆಗಳ ಒಲೆ ಉರಿಯುವುದು ಆ ಜೌಗಿನಿಂದ ಕಡಿದು ಒಣಗಿಸಿದ ಪೀಟ್ ಹೆಂಟೆಗಳಿಂದ. ಬೇರೆ ಉರುವಲಿಲ್ಲ, ಇದ್ದ ಮರಗಳನ್ನು ನಿನ್ನ ಐದನೆಯ ಪ್ರಭು ಕಡಿದು ಮಾರಿದ. ಜೌಗು ಹೋದರೆ ಮುಂದಿನ ಚಳಿಗಾಲ ಈ ಊರಿನಲ್ಲಿ ಯಾರೂ ಉಳಿಯುವುದಿಲ್ಲ. ಅದು ಈಗಿನ ಪ್ರಭು ಡ್ರಮ್‌ಗಾರ್ವಿಗೆ ಗೊತ್ತಿದೆ. ಅವನಿಗೆ ಅಲ್ಲಿ ಕಾಡುಕೋಳಿ ಹೊಡೆಯಬೇಕು, ಲಂಡನ್ನಿನ ಗೆಳೆಯರನ್ನು ಕರೆದು ತರಬೇಕು.

ನಿನ್ನೆ ಅವನ ಕಾರಭಾರಿ ರಾಟ್ರೇ ಬಂದಿದ್ದ. ಟೋಪಿ ತೆಗೆಯದೆ ಒಳಗೆ ಬಂದು ನಿನ್ನ ಕುರ್ಚಿಯಲ್ಲಿ ಕೂತ.

"ಮಿಸೆಸ್ ಸ್ಪೆನ್ಸ್, ನಿಮ್ ಯಜಮಾನ್ರು ಪುಸ್ತಕದಲ್ಲಿ ಬರೆದಾಯ್ತು. ಅಚ್ಚಾದ್ಮೇಲೆ ಇನ್ನೇನಿದೆ ಹೇಳಿ? ಗುರುವಾರ ನಮ್ ವಕೀಲ್ರು ಆ ಪುಟ ಎತ್ತಿ ತೋರಿಸ್ತಾರೆ, ಮುಗೀತು. ಹಳ್ಳ ದೇವ್ರೇ ಹಾಕಿದ ಗಡಿ ಅಲ್ವಾ ತಾಯಿ?"

ಎಲ್ಸ್‌ಪೆಟ್ ರಾಟೆಯಿಂದ ಕಣ್ಣೆತ್ತದೆ, "ದೇವ್ರ ಗಡಿ ಅಂದ್ರೆ ಹಿಮ ಕರಗಿದಾಗೆಲ್ಲ ಯಾಕಪ್ಪಾ ಜಾಗ ಬದಲಾಯಿಸ್ತದೆ? ದೇವ್ರನ್ನೂ ಒಕ್ಕಲೆಬ್ಬಿಸ್ತಿದೀರಾ?" ಅಂದಳು.

"ನಿನ್ ಬಾಯಿಗೆ ಬೇರೆ ಗೇಣಿ ಹಾಕ್ಬೇಕಾಗ್ತದೆ, ಮುದುಕಿ."

"ಹಾಕು. ಊರಲ್ಲಿ ಫಸಲು ಬರೋದು ಇದೊಂದರಲ್ಲೇ."

ಅವನು ನಕ್ಕ. ಎದ್ದು ಗೋಡೆ ತಟ್ಟಿ ನೋಡಿದ, ಮಾಡು ನೋಡಿದ. ನೀನು ಶಾಲೆ ಬಿಟ್ಟ ಮೇಲೆ ಈ ಮನೆ ಡ್ರಮ್‌ಗಾರ್ವಿಯ ದಯೆಯಲ್ಲಿ ನನಗಿದೆ ಎಂಬುದನ್ನು ಗೋಡೆಗೆ ನೆನಪಿಸುವವನ ಹಾಗೆ. ಆಮೇಲೆ ಬಂದ ಕೆಲಸ ಕೇಳಿದ: "ಹಿಂದೆ ಯಾವಾಗ್ಲೋ ಗಡಿ ಗುರುತಿಸೋಕೆ ಗಡಿ ನಡೆದ್ರಂತಲ್ಲ, ಆಗ ಗಡಿಕಲ್ಲಿನ ಹತ್ರ ಇದ್ದೋರು ಯಾರಾದ್ರೂ ಬದುಕಿದಾರಾ?"

"ಗಡಿ ನಡೆದ ಗಂಡಸ್ರೆಲ್ಲ ಸ್ಮಶಾನದಲ್ಲಿದಾರೆ. ಅಲ್ಲಿ ಹೋಗಿ ಕೇಳಿ" ಅಂದೆ.

ಸಮಾಧಾನವಾಯಿತು ಅವನಿಗೆ. ಬಿಯರ್ ಕುಡಿದು ಹೋದ.

ಗಿಡಿಯನ್, ಊರಿನವರು ಕಳೆದ ತಿಂಗಳು ಗಡಿಯ ಸಾಕ್ಷಿ ಹೇಳೆಂದು ನಿನಗೆ ಬರೆದಾಗ ನೀನು ಕೊಟ್ಟ ಉತ್ತರವನ್ನು ಪಾದ್ರಿಯವರು ಚರ್ಚಿನ ಬಾಗಿಲಲ್ಲಿ ಗಟ್ಟಿಯಾಗಿ ಓದಿದರು. 'ನೆನಪು ದಾಖಲೆಯಲ್ಲ, ಚರಿತ್ರಕಾರನು ದಾಖಲೆಗೆ ಮಾತ್ರ ಬದ್ಧ.' ಜನ ಟೋಪಿ ಕೈಯಲ್ಲಿ ಹಿಡಿದು ಕೇಳಿದರು. ಅರ್ಧ ಜನ ನಿನ್ನ ಹತ್ತಿರ ಅಕ್ಷರ ಕಲಿತವರು. ಯಾರೂ ಬೈಯಲಿಲ್ಲ. ಬೈದಿದ್ದರೆ ನಾನು ಅಲ್ಲಿ ನಿಲ್ಲುವುದು ಸುಲಭವಾಗುತ್ತಿತ್ತು.

ದಾಖಲೆ ಇಲ್ಲದ್ದಕ್ಕೇ ಅಲ್ಲವೇ ಹುಡುಗರಿಗೆ ಹೊಡೆಯುತ್ತಿದ್ದದ್ದು? ನಮಗಾಗ ಒಂಬತ್ತು ವರ್ಷ. ಹಳೆಯ ಪ್ರಭು, ಊರಿನ ಹಿರಿಯರು ಒಟ್ಟಿಗೆ ಗಡಿ ನಡೆದರು. ಒಂದೊಂದು ಕಲ್ಲಿನ ಹತ್ತಿರ ಒಬ್ಬೊಬ್ಬ ಹುಡುಗನನ್ನು ನಿಲ್ಲಿಸಿ ಹಸಿ ಬರ್ಚ್ ಕಡ್ಡಿಯಿಂದ ಬೆನ್ನಿಗೆ ಬಾರಿಸಿದರು, ಸಾಯುವ ತನಕ ಜಾಗ ಮರೆಯದಿರಲಿ ಎಂದು. ಹಳ್ಳ ದಾಟಿ, ಇಡೀ ಜೌಗು ದಾಟಿ, ಆಚೆ ದಿಬ್ಬದ ಮೇಲೆ ಬೂದುಕುದುರೆ ಕಲ್ಲು ಬಂದಾಗ ಸರದಿ ನಿನ್ನದು. ಹಳೆಯ ಪ್ರಭು ತಾನೇ ಕಡ್ಡಿ ತೆಗೆದುಕೊಂಡ.

"ಇದ್ಯಾವ ಕಲ್ಲೋ ಹುಡ್ಗ?"

"ಬೂದುಕುದುರೆ, ಒಡೆಯಾ."

"ಇದ್ರಾಚೆ ಯಾರ್ದು?"

"ತಮ್ದು, ಒಡೆಯಾ."

"ಈಚೆ?"

"ಊರೋರ್ದು."

"ಮರೆತೀಯ, ಜೋಕೆ!" ಎಂದು ಬಾರಿಸಿದ. ಆಮೇಲೆ ನಿನ್ನ ಕೈಗೆ ಬೆಣ್ಣೆ ಹಚ್ಚಿದ ಓಟ್ಸ್ ರೊಟ್ಟಿ ಕೊಟ್ಟ. ನೀನು ಅಳಲಿಲ್ಲ. ಇಳಿದು ಬರುವಾಗ ದಾರಿಯುದ್ದಕ್ಕೂ ಅಂಗಿ ಎತ್ತಿ ಎತ್ತಿ ಬರೆ ತೋರಿಸಿದೆ. ಕೈಯಿಂದ ಮುಟ್ಟಿ ನೋಡಲು ಬಂದವರಿಂದ ತಲೆಗೊಂದು ಗೋಲಿ ವಸೂಲಿ ಮಾಡಿದೆ. ನನ್ನ ಹತ್ತಿರ ಗೋಲಿ ಇರಲಿಲ್ಲ, ನನಗೆ ಸಾಲದ ಮೇಲೆ ಮುಟ್ಟಗೊಟ್ಟೆ.

ಆ ದಿನ ಗಡಿ ನಡೆದ ಹಿರಿಯರೆಲ್ಲ ಈಗ ಸತ್ತಿದ್ದಾರೆ. ಹೊಡೆತ ತಿಂದ ಇತರ ಹುಡುಗರಲ್ಲಿ ಇಬ್ಬರು ಸಮುದ್ರಪಾಲು, ಒಬ್ಬ ಕೆನಡಾದಲ್ಲಿ. ಉಳಿದದ್ದು ನಿನ್ನದೊಂದೇ ಬೆನ್ನು. ಅದನ್ನೀಗ ಕೋಟೆಯ ಗ್ರಂಥಾಲಯದ ಅಗ್ಗಿಷ್ಟಿಕೆಗೆ ಕೊಟ್ಟು ಕಾಯಿಸಿಕೊಳ್ಳುತ್ತಿದ್ದೀಯ.

ಚರಿತ್ರೆ ಬರೆಯಲು ಒಂದು ತಿಂಗಳಿಗೆಂದು ಹೋದವನು ಅಲ್ಲಿ ಕಳೆಯುತ್ತಿರುವುದು ಇದು ಮೂರನೆಯ ಚಳಿಗಾಲ. ಬಟ್ಟೆ ಒಗೆಯುವ ಮನೆಯ ಪಕ್ಕದಲ್ಲಿ ನನಗೂ ಒಂದು ಕೋಣೆ ಕೊಡುತ್ತಾರೆಂದು ನೀನು ಬರೆದಿದ್ದೆ. ಬರಲಿಲ್ಲ. ನಾನು ಬಾರದಿದ್ದುದನ್ನು ನೀನು ಜಂಬವೆಂದು ಕರೆದೆ. ಇರಬಹುದು. ಈಗಿನ ಪ್ರಭು ಒಮ್ಮೆ ಚರ್ಚಿನ ಅಂಗಳದಲ್ಲಿ ನನ್ನನ್ನು ಕಂಡು, "ಓ, ನೀನು ನಮ್ಮ ಸ್ಪೆನ್ಸ್‌ನ ಹೆಂಗಸಲ್ವೇ!" ಅಂದ. ನೀನು ಪಕ್ಕದಲ್ಲೇ ಇದ್ದೆ. ನಗುತ್ತಿದ್ದೆ. ಆ ನಗುವನ್ನು ಅದಕ್ಕೆ ಮೊದಲು ನಿನ್ನ ಮುಖದ ಮೇಲೆ ನಾನು ಕಂಡಿರಲಿಲ್ಲ. ಈಗ ನಿನ್ನ ವಾಕ್ಯಗಳಲ್ಲೆಲ್ಲ ಅದೇ ಕಾಣುತ್ತದೆ.

ಬಡತನ ನಿನ್ನನ್ನು ಕೆಡಿಸಿದ್ದರೆ ಕ್ಷಮಿಸುತ್ತಿದ್ದೆ. ನಿನ್ನನ್ನು ಕೆಡಿಸಿದ್ದು ಅವರ ಮೇಜಿನ ತುದಿಯಲ್ಲೊಂದು ತಟ್ಟೆ, ಮತ್ತು ಮಾತಿನ ನಡುವೆ ಯಾವನಾದರೂ ಬೊಜ್ಜಿನವನು ನಿನ್ನ ಕಡೆ ತಿರುಗಿ "ಅಲ್ವೇ ಸ್ಪೆನ್ಸ್?" ಎಂದು ಕೇಳುವುದು. ಇಷ್ಟಕ್ಕೆ ನಲವತ್ತು ಒಲೆಗಳು! ನಿನ್ನ ಚರಿತ್ರೆಯ ಕಳ್ಳರೂ ಇಷ್ಟು ಅಗ್ಗದಲ್ಲಿ ಏನನ್ನೂ ಬಿಟ್ಟುಕೊಟ್ಟವರಲ್ಲ.

ಆರು ಅಧ್ಯಾಯಗಳನ್ನು ತಿದ್ದಿ ಇದರೊಂದಿಗೆ ಕಳಿಸುತ್ತಿದ್ದೇನೆ. ಏಳನೆಯದನ್ನು ಮುಟ್ಟಿಲ್ಲ. ಅಬರ್ಡೀನಿನ ಅಚ್ಚುಕೂಟಕ್ಕೆ ಅದು ತಿಂಗಳ ಕೊನೆಗೆ ವಾಪಸು ಹೋಗಬೇಕೆಂದು ಬರೆದಿದ್ದೀಯ, ಬದಲಾಯಿಸುವವನಿಗೆ ಸಮಯವಿದೆ.

ರಾತ್ರಿ ಮಲಗುವಾಗ ಎದೆಗೆ ಉಣ್ಣೆ ಸುತ್ತಿಕೋ. ಅಕ್ಟೋಬರಿನಲ್ಲಿ ನಿನ್ನ ಉಸಿರು ಕೆಡುತ್ತದೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಾರದು.

ನಿನ್ನ ಹೆಂಡತಿ, ತವರಿನ ಹೆಸರಿನಲ್ಲಿ,
ಮೇರಿಯನ್ ಡಫಸ್

ತಾ.ಕ. ರಾಟ್ರೇಗೆ ನಾನು ಸುಳ್ಳು ಹೇಳಲಿಲ್ಲ. ಅವನು ಕೇಳಿದ್ದಕ್ಕೆ ಗಂಡಸರ ಲೆಕ್ಕ ಕೊಟ್ಟೆ. ಅಂದು ರೊಟ್ಟಿಯ ಬುಟ್ಟಿ ಹೊತ್ತು ಕಲ್ಲಿನ ತನಕ ಬಂದ ಹುಡುಗಿಯನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಹುಡುಗಿಯರಿಗೆ ಹೊಡೆಯುತ್ತಿರಲಿಲ್ಲ, ನೆನಪಿಟ್ಟುಕೋ ಎಂದು ಹೇಳುತ್ತಲೂ ಇರಲಿಲ್ಲ. ಗುರುವಾರ ಬೆಳಿಗ್ಗೆ ನಾನು ಛತ್ರಕ್ಕೆ ಹೋಗಿ ಕಮಿಷನರ್ ಮುಂದೆ ಪ್ರಮಾಣ ಮಾಡಿ, ಹಳೆಯ ಪ್ರಭು ಕೇಳಿದ್ದನ್ನೂ ನೀನು ಹೇಳಿದ್ದನ್ನೂ ಒಂದು ಮಾತೂ ಬಿಡದೆ ಹೇಳುವುದೆಂದು ನಿರ್ಧರಿಸಿದ್ದೇನೆ. ಹೇಳಿದ ದಿನವೇ ಈ ಮನೆ ಹೋಗುತ್ತದೆ. ಊರಿನವರಿಗಾಗಲಿ ಎಲ್ಸ್‌ಪೆಟ್‌ಗಾಗಲಿ ಇದನ್ನಿನ್ನೂ ತಿಳಿಸಿಲ್ಲ. ನಿನಗೊಬ್ಬನಿಗೇ ಬರೆಯುತ್ತಿದ್ದೇನೆ. ಕಾಗದ ನಿನ್ನ ಕೈ ಸೇರುವುದು ಇಂದು ಸಂಜೆ. ನಾಳೆ ಇಡೀ ದಿನ ನಿನಗಿದೆ. ರಾಟ್ರೇಗೆ ಹೇಳಬೇಕಿದ್ದರೆ ಅವನು ಕೆಳಗಿನ ಮಹಡಿಯಲ್ಲೇ ಇರುತ್ತಾನೆ. ಇಲ್ಲಿಗೆ ಬರಬೇಕಿದ್ದರೆ ನಾಲ್ಕು ಮೈಲಿ ನಡೆಯಬೇಕು. ಅಗುಳಿ ಹಾಕಿರುವುದಿಲ್ಲ.