ನಲವತ್ತೆಂಟಕ್ಕೆ ಇಳಿಯುವುದಿಲ್ಲ

ರೇಸ್ ಕೋರ್ಸ್, ಲಾಯದ ಹಿಂದಿನ ಕೋಣೆ
ಮಾರ್ಚ್ ೧೦, ಸೋಮವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ನಿಮ್ಮ ಭುಜದ ನೋವು ಹೇಗಿದೆ? ಚಳಿ ಮುಗಿದರೂ ಆ ಹಳೆಯ ಮುರಿತ ಇನ್ನೂ ಕಾಡುತ್ತಿದೆಯೆಂದು ಅಮ್ಮ ಹೇಳಿದಳು. ಎಣ್ಣೆ ತಿಕ್ಕಿಕೊಂಡು ಸುಮ್ಮನಾಗಬೇಡಿ, ಯಾರಿಗಾದರೂ ತೋರಿಸಿ. ಅಮ್ಮನ ಸೊಂಟ ಪರವಾಗಿಲ್ಲವೇ? ಪುಟ್ಟಿ ಶಾಲೆಗೆ ಸರಿಯಾಗಿ ಹೋಗುತ್ತಿದ್ದಾಳೋ, ಇಲ್ಲ ನಿಮ್ಮ ಹಿಂದೆ ಮರಿ ಕುದುರೆಗಳನ್ನು ಪಳಗಿಸಿಕೊಂಡು ತಿರುಗುತ್ತಿದ್ದಾಳೋ? ಗಬ್ಬವಾಗಿದ್ದ ಆ ಕೆಂದು ಕುದುರೆ ಮರಿ ಹಾಕಿತೇ? ನಾನು ಚೆನ್ನಾಗಿದ್ದೇನೆ. ಬಾಯಿಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಚೆನ್ನಾಗಿದ್ದೇನೆ.

ಇನ್ನು ಫೋನು ಎತ್ತಿದ ಕೂಡಲೇ ನೀವು ಕೇಳುವ ಪ್ರಶ್ನೆಗೆ ಉತ್ತರ: ಐವತ್ತೆರಡು ಕಿಲೋ. ಸರಿಯಾಗೇ ಓದಿದ್ದೀರಿ. ಕಾಗದ ಮಡಿಚಿ ಜೇಬಿಗಿಳಿಸುವ ಮೊದಲು ಕೊನೆಯವರೆಗೂ ಓದಿ. ಫೋನಿನಲ್ಲಾದರೆ ನಿಮ್ಮ ದನಿ ಏರುತ್ತಲೇ ನನ್ನ ಬಾಯಿ ಕಟ್ಟಿಹೋಗುತ್ತದೆ, ಹೂಂ ಹೂಂ ಅಂದುಬಿಡುತ್ತೇನೆ. ಕಾಗದದಲ್ಲಿ ನನ್ನ ಮಾತನ್ನು ಯಾರೂ ಮಧ್ಯಕ್ಕೆ ತುಂಡರಿಸುವಂತಿಲ್ಲ. ಹೋದ ಸಲ ನೀವು 'ನೀನು ಜಾಕಿನೇ ಅಲ್ಲ' ಎಂದು ಫೋನಿಟ್ಟಿರಿ. ಏನು ನಡೆಯಿತೆಂದು ನೀವು ಕೇಳಲಿಲ್ಲ. ಈಗ ಹೇಳುತ್ತೇನೆ.

ಈ ಸೀಸನ್ ಶುರುವಾಗುವ ಮೊದಲು ಕ್ಲಬ್ಬಿನವರು ಒಬ್ಬ ಹೊಸ ಡಾಕ್ಟರನ್ನು ನೇಮಿಸಿದರು. ನಡುವಯಸ್ಸಿನ ಹೆಂಗಸು, ಮಾತು ಕಡಿಮೆ, ಕೊರಳಲ್ಲಿ ಸದಾ ದರ್ಜಿಯ ಹಾಗೆ ಒಂದು ಟೇಪು ನೇತಾಡುತ್ತಿರುತ್ತದೆ. ನಮ್ಮ ಹುಡುಗರು ಮೊದಲ ದಿನವೇ ಆಕೆಗೆ ಟೇಪಮ್ಮ ಎಂದು ಹೆಸರಿಟ್ಟರು. ಲೈಸೆನ್ಸು ಇರುವ ಜಾಕಿಗಳೆಲ್ಲ ಆಕೆಯ ಬಳಿ ಅಳತೆ ಕೊಡಬೇಕು, ರಕ್ತ ಕೊಡಬೇಕು ಎಂದು ನೋಟಿಸು ಬಂತು. ತೂಕದ ಕೋಣೆಯ ಪಕ್ಕದಲ್ಲಿ ಹಳೆಯ ಜೀನುಗಳನ್ನು ತುಂಬಿಡುತ್ತಿದ್ದ ಕೋಣೆ ಇತ್ತಲ್ಲ, ಅದನ್ನೇ ಗುಡಿಸಿ, ಬಿಳಿ ಬಣ್ಣ ಬಳಿದು, ಆಕೆಗೆ ಕೊಟ್ಟಿದ್ದರು. ಇನ್ನೂ ಚರ್ಮದ ವಾಸನೆ ಹೋಗಿರಲಿಲ್ಲ. 'ಮದುವೆ ಸೂಟು ಹೊಲಿಸ್ತಾರಂತೆ, ಬನ್ರೋ' ಎಂದು ತಮಾಷೆ ಮಾಡುತ್ತ ಸಾಲು ನಿಂತೆವು. ನಾನಂತೂ ಎದೆಯುಬ್ಬಿಸಿ ಹೋಗಿದ್ದೆ. ಈ ಕೋರ್ಸಿನಲ್ಲಿ ನನ್ನಷ್ಟು ಎತ್ತರವಿದ್ದು ನನ್ನಷ್ಟು ಹಗುರವಿರುವವರು ಇನ್ನೊಬ್ಬರಿರಲಿಲ್ಲ. ಪರೀಕ್ಷೆಯಲ್ಲಿ ಮೊದಲ ಸ್ಥಾನ ನನ್ನದೇ ಎಂದುಕೊಂಡಿದ್ದೆ.

ಎತ್ತರ ನೂರ ಅರವತ್ತಮೂರು ಸೆಂಟಿಮೀಟರ್, ತೂಕ ನಲವತ್ತೇಳೂವರೆ ಕಿಲೋ. ಆಕೆ ಏನೂ ಹೇಳದೆ ಬರೆದುಕೊಂಡರು. ಆಮೇಲೆ ತೋಳಿನ ಸುತ್ತ ಟೇಪು ಹಿಡಿದರು. ಚಿಮಟದಂಥ ಒಂದು ಉಪಕರಣ ತೆಗೆದು ತೋಳಿನ ಹಿಂಬದಿ, ಬೆನ್ನಿನ ರೆಕ್ಕೆಮೂಳೆಯ ಕೆಳಗೆ, ಸೊಂಟದ ಪಕ್ಕ, ತೊಡೆ, ಹೀಗೆ ಅಲ್ಲಲ್ಲಿ ಚರ್ಮವನ್ನು ಮಡಿಸಿ ಹಿಡಿದು ಎಷ್ಟು ದಪ್ಪವಿದೆ ಎಂದು ನೋಡಿದರು. ಚರ್ಮದಡಿ ಎಷ್ಟು ಕೊಬ್ಬಿದೆ ಎನ್ನುವುದು ಅದರಿಂದ ತಿಳಿಯುತ್ತದಂತೆ. ನನ್ನಲ್ಲಿ ಹಿಡಿಯಲು ಚರ್ಮ ಬಿಟ್ಟರೆ ಬೇರೇನೂ ಸಿಗಲಿಲ್ಲ. ಆಕೆ ಮತ್ತೆ ಮತ್ತೆ ಹಿಡಿದು ನೋಡಿದರು, ನಾನು ಹೆಮ್ಮೆಯಿಂದ ನಗುತ್ತಿದ್ದೆ. ಆಕೆ ನಗಲಿಲ್ಲ. 'ನಿಮ್ಮ ಮುಟ್ಟು ಸರಿಯಾಗಿ ಆಗ್ತಿದೆಯಾ?' ಎಂದು ಕೇಳಿದರು. ಇದು ಅಪ್ಪನಿಗೆ ಬರೆಯುವ ವಿಷಯವಲ್ಲ ಎಂದು ಅಮ್ಮ ಹಣೆ ಚಚ್ಚಿಕೊಳ್ಳುತ್ತಾಳೆ. ಆದರೂ ಬರೆಯುತ್ತೇನೆ. ನನ್ನ ತೂಕದ ಒಂದೊಂದು ಗ್ರಾಮೂ ನಿಮಗೆ ಗೊತ್ತಿರಬಹುದಾದರೆ ಇದೂ ಗೊತ್ತಿರಲಿ. ನಿಂತು ಒಂದು ವರ್ಷದ ಮೇಲಾಗಿತ್ತು. ಅದೊಂದು ಕಿರಿಕಿರಿ ತಪ್ಪಿತೆಂದು ನಾನು ಸಂತೋಷವಾಗಿದ್ದೆ.

ರಕ್ತದ ವರದಿ ಬಂದ ದಿನ ಟೇಪಮ್ಮ ನನ್ನನ್ನು ಕೂರಿಸಿಕೊಂಡು ಒಂದೊಂದನ್ನೇ ಬಿಡಿಸಿ ಹೇಳಿದರು. ಹಿಮೋಗ್ಲೋಬಿನ್ ಹನ್ನೆರಡರ ಮೇಲಿರಬೇಕಾದದ್ದು ಒಂಬತ್ತು ಚಿಲ್ಲರೆಗೆ ಇಳಿದಿತ್ತು. ಮೈ ಕೂಡಿಟ್ಟುಕೊಳ್ಳುವ ಕಬ್ಬಿಣದಂಶ ತಳ ಕಂಡಿತ್ತು. ವಿಟಮಿನ್ ಡಿ ಇಲ್ಲವೆನ್ನುವಷ್ಟು ಕಡಿಮೆ. ಮೂಳೆಯ ಚಿತ್ರ ತೆಗೆಸಿದರೆ ಸೊಂಟದ ಮೂಳೆ ಈ ವಯಸ್ಸಿಗೆ ಇರಬೇಕಾದ್ದಕ್ಕಿಂತ ತೆಳುವಾಗಿತ್ತು. ಕುದುರೆಯಿಂದ ಬೀಳುವುದೇ ಕಸುಬಾಗಿರುವವಳಿಗೆ ಅಂಥ ಮೂಳೆ. ನಮ್ಮ ಟ್ರೇನರ್ ಆ ವರದಿಯನ್ನು ತೆಗೆದುಕೊಂಡು ಮೇಲೆ ಕೆಳಗೆ ನೋಡಿ, 'ರಕ್ತದ ಪ್ರೋಟೀನು ಸರಿಯಾಗೇ ಇದೆಯಲ್ಲ ಮೇಡಂ, ಹುಡುಗಿ ಗಟ್ಟಿಯಾಗಿದಾಳೆ' ಎಂದು ಒಂದೇ ಒಂದು ಸಾಲಿಗೆ ಬೆರಳಿಟ್ಟರು. ಡಾಕ್ಟರು ಅದಕ್ಕೆ, ಹಸಿದು ಸೊರಗಿದವರಲ್ಲೂ ಆ ಅಂಕಿ ಎಷ್ಟೋ ಕಾಲ ಸರಿಯಾಗೇ ಇರುತ್ತದೆ, ಅದೊಂದನ್ನೇ ನೋಡಿ ಸಮಾಧಾನ ಪಡಬೇಡಿ, ಮೈಯ ಅಳತೆ, ಉಳಿದ ರಕ್ತ, ನಿಂತುಹೋದ ಮುಟ್ಟು ಎಲ್ಲ ಸೇರಿಸಿ ನೋಡಿ ಎಂದರು. ನನ್ನ ಎತ್ತರಕ್ಕೆ, ನನ್ನ ಎಲುಬಿಗೆ, ಐವತ್ತೊಂದಕ್ಕಿಂತ ಕೆಳಗೆ ಹೋಗಕೂಡದು ಎಂದು ಬರೆದುಕೊಟ್ಟರು. ಆದರೆ ಅದು ಈ ವರ್ಷಕ್ಕೆ ಬರೀ ಸಲಹೆ, ಕಟ್ಟುನಿಟ್ಟಲ್ಲ.

ಆ ಹೊತ್ತಿಗೆ ನನಗೆ ಬಂದದ್ದು ಭಯವಲ್ಲ ಅಪ್ಪಾ, ಸಿಟ್ಟು. ಡಾಕ್ಟರ ಮೇಲೆ ಸಿಟ್ಟು. ನೀವು ನನ್ನನ್ನು ಹೇಗೆ ಬೆಳೆಸಿದಿರಿ ಎನ್ನುವುದು ಈಕೆಗೇನು ಗೊತ್ತು ಎಂದುಕೊಂಡೆ. ಬಿಸಿನೀರಿನ ಹಬೆ ತುಂಬಿದ ಬಚ್ಚಲಲ್ಲಿ ಪ್ಲಾಸ್ಟಿಕ್ ಸೂಟು ತೊಡಿಸಿ ನನ್ನನ್ನು ಕೂರಿಸಿ, ಹೊರಗೆ ಬಾಗಿಲಿಗೆ ಒರಗಿ ಕೂತು ನಿಮ್ಮ ಹಳೆಯ ರೇಸುಗಳ ಕಥೆ ಹೇಳುತ್ತಿದ್ದಿರಿ. ನಾನು ಊಟ ಬಿಟ್ಟ ದಿನ ನೀವೂ ತಟ್ಟೆ ಮುಟ್ಟುತ್ತಿರಲಿಲ್ಲ. ಅಮ್ಮ ಇಬ್ಬರಿಗೂ ಬೈದು ಪಾತ್ರೆ ಎತ್ತಿಡುತ್ತಿದ್ದಳು. ಜಗತ್ತಿನಲ್ಲಿ ಯಾವ ಅಪ್ಪ ಮಗಳಿಗಾಗಿ ಅಷ್ಟು ಮಾಡುತ್ತಾನೆ? ಇವತ್ತಿಗೂ ಅದನ್ನು ನೆನೆದರೆ ನನ್ನ ಕಣ್ಣು ತುಂಬುತ್ತದೆ. ನಿಮ್ಮ ಪ್ರೀತಿಯಲ್ಲಿ ಕೊರತೆ ಇತ್ತೆಂದು ನಾನು ಹೇಳುತ್ತಿಲ್ಲ. ಆ ಪ್ರೀತಿ ನನ್ನ ಮೂಳೆಯನ್ನು ತಿಂದಿತು ಎಂದಷ್ಟೇ ಹೇಳುತ್ತಿದ್ದೇನೆ.

ಸಿಟ್ಟಿದ್ದರೂ ಡಾಕ್ಟರು ಹೇಳಿದ್ದನ್ನು ಅರೆಮನಸ್ಸಿನಿಂದ ಮಾಡಿದೆ. ಮಾತ್ರೆ ನುಂಗಿದೆ, ಮೂರು ಹೊತ್ತು ತಿಂದೆ. ಐವತ್ತು ದಾಟುವ ಹೊತ್ತಿಗೆ ನಮ್ಮ ಲಾಯದ ಬೂದು ಕುದುರೆಯ ವಿಷಯ ಬಂತು. ಸೀಸನ್ನಿನ ದೊಡ್ಡ ರೇಸು, ಅದರಲ್ಲಿ ಆ ಕುದುರೆಗೆ ಗೊತ್ತುಮಾಡಿದ ಭಾರ ಜಾಕಿ, ಜೀನು ಎರಡೂ ಸೇರಿ ನಲವತ್ತೊಂಬತ್ತು ಕಿಲೋ. ಅಂದರೆ ನಾನು ನಲವತ್ತೆಂಟಕ್ಕೆ ಇಳಿಯಬೇಕು. ಟ್ರೇನರ್ ನನ್ನನ್ನು ಕರೆದು, ಕುದುರೆ ನಿನ್ನದೇ, ಇಳಿದು ಬಾ ಎಂದರು. ಅಂಥ ಕುದುರೆಗೆ ಕಾಯುತ್ತ ಎಷ್ಟು ಜನರ ತಲೆ ನರೆತಿದೆ ಎಂದು ನಿಮಗೆ ಗೊತ್ತು. ನಿಮಗೆ ಫೋನು ಮಾಡಿದೆ. 'ಎರಡು ಕಿಲೋ ಏನ್ ಮಹಾ, ನಾಲ್ಕು ಸಲ ಬೆವರಿದರೆ ಹೋಗತ್ತೆ' ಎಂದಿರಿ. ನಾನು ಪ್ಲಾಸ್ಟಿಕ್ ಸೂಟನ್ನು ಪೆಟ್ಟಿಗೆಯಿಂದ ತೆಗೆದೆ.

ಆ ವಾರ ಬೆಳಗಿನ ಓಟಕ್ಕೆ ಬೂದು ಕುದುರೆಯನ್ನು ಹತ್ತಿ ಹೊರಟಿದ್ದೆ. ಹಿಂದಿನ ಸಂಜೆಯಿಂದ ನೀರೂ ಕುಡಿದಿರಲಿಲ್ಲ. ದೂರದ ತಿರುವಿಗೆ ಬರುವಾಗ ಕುದುರೆ ತಲೆ ಕೊಡವಿ ಬಲಕ್ಕೆ ಎಳೆಯಿತು. ಕಡಿವಾಣ ಬಿಗಿಯಬೇಕೆಂದು ನನಗೆ ಗೊತ್ತು, ಬೆರಳು ಮುಚ್ಚಿದ್ದೇನೆ ಎಂದುಕೊಂಡಿದ್ದೇನೆ, ಆದರೆ ಬೆರಳು ಮುಚ್ಚಿರಲಿಲ್ಲ. ಕಣ್ಣೆದುರು ಬೇಲಿ ಕರಗಿ ಕಪ್ಪಾಯಿತು. ಅದೇ ತಿರುವಿನಲ್ಲಿ ಎದುರಿಗೆ ಇನ್ನೆರಡು ಕುದುರೆ ಬರುತ್ತಿದ್ದವು. ಜೂಲನ್ನು ಅವುಚಿಕೊಂಡು ಕುತ್ತಿಗೆಯ ಮೇಲೆ ಬಿದ್ದೆ. ಕುದುರೆ ತಾನಾಗಿ ಬದಿಗೆ ಸರಿದು ನಿಂತಿತು. ಏನೂ ಆಗಲಿಲ್ಲ. ಕುದುರೆ ಜಾಣ, ಅಷ್ಟೆ. ನಾನಂತೂ ಆ ಹೊತ್ತಿನಲ್ಲಿ ಜಾಕಿಯಾಗಿರಲಿಲ್ಲ, ಬೆನ್ನ ಮೇಲಿನ ಮೂಟೆಯಾಗಿದ್ದೆ. ಇಳಿದವಳು ನೇರ ಕ್ಯಾಂಟೀನಿಗೆ ಹೋಗಿ, ನಿಂತಲ್ಲೇ ಬೇಯಿಸಿದ ಮೊಟ್ಟೆ ತಿಂದೆ, ಹಾಲು ಕುಡಿದೆ, ಬ್ರೆಡ್ಡು ತಿಂದೆ. ಅಳುತ್ತ ತಿಂದೆ. ಕ್ಯಾಂಟೀನಿನವನು ಗಾಬರಿಯಾಗಿ ಇನ್ನೊಂದು ಮೊಟ್ಟೆ ಬಡಿಸಿದ.

ಅದಾದ ಮೇಲೆ ಟ್ರೇನರ್ ಎಲ್ಲರೆದುರು ತೂಕದ ಕೋಣೆಗೆ ಕರೆದರು. ಹತ್ತಿದೆ. ಮುಳ್ಳು ಐವತ್ತು ದಾಟಿ ನಿಂತಿತು. ರೇಸಿಗೆ ಮೂರು ದಿನ ಉಳಿದಿದೆ, ಇದೇನು ಹುಡುಗಾಟ ಎಂದು ಅವರು ಸಿಡುಕಿದರು. ನಾನು ತಕ್ಕಡಿಯ ಮೇಲೆ ನಿಂತೇ ಹೇಳಿದೆ.

'ನಾನು ನಲವತ್ತೆಂಟಕ್ಕೆ ಇಳಿಯಲ್ಲ ಸರ್. ಬೂದು ಕುದುರೆಯ ಒಂದು ಪಕ್ಕೆಲುಬು ಎದ್ದು ಕಂಡರೆ ನೀವು ನಿದ್ದೆ ಮಾಡಲ್ಲ. ತಿಂಗಳು ತಿಂಗಳು ಅದರ ರಕ್ತ ಪರೀಕ್ಷೆ ಮಾಡಿಸ್ತೀರಿ, ಮೇವು ಜಾಸ್ತಿ ಮಾಡ್ತೀರಿ, ಪುಡಿ ಬೆರೆಸ್ತೀರಿ. ನನ್ನ ಪಕ್ಕೆಲುಬು ಎಲ್ಲಾನೂ ಎಣಿಸಬಹುದು. ಅದಕ್ಕೆ ನೀವು ಬೆನ್ನು ತಟ್ತೀರಿ.'

ಟ್ರೇನರ್ 'ಹಾಗಾದರೆ ಕುದುರೆ ನಿನ್ನದಲ್ಲ' ಎಂದರು. ಗೊತ್ತು ಎಂದು ಇಳಿದು ಬಂದೆ.

ಕುದುರೆ ಕಡ್ಡಿಗೆ ಹೋಯಿತು. ಅದೇ, ನನ್ನ ಜೊತೆಗೇ ಕಲಿತ ಹುಡುಗ, ಗಾಳಿ ಬೀಸಿದರೆ ಬಾಗುತ್ತಾನೆಂದು ಎಲ್ಲರೂ ಕಡ್ಡಿ ಎನ್ನುತ್ತಾರಲ್ಲ, ಅವನು. ನಾನು ಬೇಲಿಗೆ ಆತುಕೊಂಡು ನೋಡಿದೆ. ಅವನು ಗೆದ್ದ. ಚೆನ್ನಾಗಿಯೇ ಗೆದ್ದ. ಬೂದು ಕುದುರೆ ಕೊನೆಯ ನೇರ ದಾರಿಯಲ್ಲಿ ಎಲ್ಲರನ್ನೂ ಹಿಂದೆ ಹಾಕಿದಾಗ ನನ್ನ ಹೊಟ್ಟೆ ಉರಿದುಹೋಯಿತು. ಸುಳ್ಳು ಯಾಕೆ ಹೇಳಲಿ. ಗೆಲ್ಲುವ ಕುದುರೆಯನ್ನು ಕೈಯಾರೆ ಬಿಟ್ಟಳು, ನೋಡಿದೆಯಾ ಎಂದು ಮಾತಾಡಿಕೊಂಡವರಿಗೆ ಲೆಕ್ಕವಿಲ್ಲ. ನೀವು ಫೋನಿಟ್ಟದ್ದೂ ಅವತ್ತೇ. ಆದರೆ ನಿಮಗೆ ಯಾರೂ ಹೇಳಿರದ ಒಂದು ವಿಷಯವಿದೆ. ರೇಸಿನ ನಂತರದ ತೂಕಕ್ಕೆ ಜೀನು ಹೊತ್ತು ಬರಲು ಕಡ್ಡಿಗೆ ಕೂಡಲೇ ಆಗಲಿಲ್ಲ. ಗೋಡೆ ಹಿಡಿದು ಕೂತು, ಸುಧಾರಿಸಿಕೊಂಡ ಮೇಲೆ ಹೇಗೋ ತೂಕಕ್ಕೆ ಹತ್ತಿದ. ಫೋಟೋ ತೆಗೆಯುವಾಗ ಇಬ್ಬರು ಅವನ ಹಿಂದೆ ಅಂಗಿ ಹಿಡಿದುಕೊಂಡು ನಿಂತಿದ್ದರು. ಮೂರನೇ ದಿನ ಲಾಯದ ಬಳಿ ಬಂದು, ನೆಲ ನೋಡುತ್ತ, ಟೇಪಮ್ಮ ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಕೇಳಿದ. ನಾನೇ ಕರೆದುಕೊಂಡು ಹೋದೆ. ಈಗ ಇನ್ನೂ ಕೆಲವರು ಹೋಗುತ್ತಿದ್ದಾರೆ, ಕದ್ದುಮುಚ್ಚಿ. ಮುಂದಿನ ಸೀಸನ್ನಿಗೆ ಕನಿಷ್ಠ ಭಾರವನ್ನು ಮೇಲೇರಿಸಬೇಕೆಂದು ಡಾಕ್ಟರು ಕ್ಲಬ್ಬಿಗೆ ಬರೆದಿದ್ದಾರೆ. ಏರಿಸುತ್ತಾರೋ ಇಲ್ಲವೋ ಗೊತ್ತಿಲ್ಲ. ಆ ಅರ್ಜಿಯ ಕೆಳಗೆ ಜಾಕಿಗಳಲ್ಲಿ ಮೊದಲ ಸಹಿ ನನ್ನದು.

ನನ್ನ ಪಾಡು ಹೀಗಿದೆ. ಟ್ರೇನರ್ ಕುದುರೆಯ ಗೊರಸಿನ ವಿಷಯ ಬಿಟ್ಟು ಬೇರೇನೂ ನನ್ನ ಹತ್ತಿರ ಮಾತಾಡುವುದಿಲ್ಲ. ಯಾರಿಗೂ ಬೇಡವಾದ, ಬಾಯಿ ಗಡುಸಾಗಿ ಕಡಿವಾಣಕ್ಕೆ ಬಗ್ಗದ, ಹೆಚ್ಚು ಭಾರ ಹೊರುವ ಕುದುರೆಗಳು ನನ್ನ ಪಾಲಿಗೆ ಬರುತ್ತವೆ. ಅವನ್ನು ಹಿಡಿಯಲು ಈಗ ನನ್ನ ತೋಳಿನಲ್ಲಿ ಶಕ್ತಿಯಿದೆ. ಕಳೆದ ಶನಿವಾರ ಅಂಥದೊಂದರ ಮೇಲೆ ಮೂರನೆಯವಳಾಗಿ ಬಂದೆ. ಹಿಮೋಗ್ಲೋಬಿನ್ ಹನ್ನೊಂದು ದಾಟಿದೆ, ಮುಟ್ಟು ಮರಳಿದೆ, ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುವುದಿಲ್ಲ. ಮೂಳೆಗೆ ಮಾತ್ರ ಕಾಲ ಬೇಕಂತೆ, ಪೂರ್ತಿ ಸರಿಹೋಗುತ್ತದೆಂದು ಡಾಕ್ಟರು ಮಾತು ಕೊಟ್ಟಿಲ್ಲ. ಒಳ್ಳೆಯ ಕುದುರೆ ಮತ್ತೆ ಸಿಗದೆ ಹೋಗಬಹುದು. ಸಿಗದಿದ್ದರೆ ಸಿಗದಿರಲಿ. ನಾನು ಜಾಕಿ ಹೌದೋ ಅಲ್ಲವೋ ಎನ್ನುವುದನ್ನು ಕಡಿವಾಣ ಹಿಡಿದ ನನ್ನ ಕೈ ಹೇಳಲಿ. ತೂಕದ ಮುಳ್ಳು ಹೇಳುವುದು ಬೇಡ, ನೀವೂ ಹೇಳುವುದು ಬೇಡ.

ನಿಮ್ಮ ಒಪ್ಪಿಗೆ ಕೇಳಲು ಇದನ್ನು ಬರೆದಿಲ್ಲ ಅಪ್ಪಾ. ಕೋಪವಿದ್ದರೆ ಇರಲಿ, ಕೋಪದಲ್ಲೇ ಒಂದು ಸಾಲು ಬರೆಯಿರಿ, ಸಾಕು. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ, ಪುಟ್ಟಿಯ ಕೆನ್ನೆ ಹಿಂಡಿ ನನ್ನ ಮುದ್ದು ಕೊಡಿ. ನಿಮ್ಮ ಕಾಲಿಗೆ ಇಲ್ಲಿಂದಲೇ ಎರಗುತ್ತೇನೆ.

ಇಂತಿ,
ನಿಮ್ಮ ಹಿರಿಮಗಳು

ಮತ್ತೆ: ಮುಖ್ಯವಾದದ್ದನ್ನು ಬರೆಯಲು ಧೈರ್ಯ ಸಾಲದೆ ಕೊನೆಗಿಟ್ಟೆ, ಅಂಚೆಯವನು ಬರುವ ಹೊತ್ತಾಯಿತು. ಪುಟ್ಟಿಗೆ ಹೋದ ವರ್ಷದ ಬೂಟು, ಹೋದ ವರ್ಷದ ಅಂಗಿ ಇನ್ನೂ ಸರಿಹೋಗುತ್ತಿವೆ, ಒಂದು ಬೆರಳಿನಷ್ಟೂ ಬೆಳೆದಿಲ್ಲ, ಇವಳದ್ದು ಹೇಳಿ ಮಾಡಿಸಿದ ಜಾಕಿಯ ಮೈ ಎಂದು ನೀವು ಖುಷಿಪಡುತ್ತಿದ್ದೀರಂತೆ. ಅವಳಿಗೆ ಹನ್ನೆರಡು ವರ್ಷ ಅಪ್ಪಾ. ಡಾಕ್ಟರನ್ನು ಕೇಳಿದೆ. ಆ ವಯಸ್ಸಿನ ಮಗು ವರ್ಷವಿಡೀ ಬೆಳೆಯದೆ ಇದ್ದರೆ ಅದು ಖುಷಿಪಡುವ ಸಂಗತಿಯಲ್ಲ, ತಡಮಾಡದೆ ಕರೆದುಕೊಂಡು ಬಾ ಎಂದರು. ಗುರುವಾರ ಮೊದಲ ಬಸ್ಸಿಗೆ ಬರುತ್ತೇನೆ. ಅಮ್ಮನಿಗೆ ತಿಳಿಸಿದ್ದೇನೆ, ಪುಟ್ಟಿಯ ಬಟ್ಟೆ ಕಟ್ಟಿಡುತ್ತಾಳೆ. ನೀವೂ ಜೊತೆಗೆ ಬಂದರೆ ನನಗೆ ಸಂತೋಷ, ಬಾಗಿಲಿಗೆ ಅಡ್ಡ ನಿಂತರೂ ಕರೆದೊಯ್ಯುತ್ತೇನೆ. ರಕ್ತ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕು ಎಂಬ ನೆಪ ಹೇಳಬೇಡಿ, ವಿಚಾರಿಸಿದ್ದೇನೆ, ಬೇಕಿಲ್ಲ. ಅವತ್ತು ಬೆಳಿಗ್ಗೆ ಅವಳಿಗೆ ಹೊಟ್ಟೆ ತುಂಬ ತಿನ್ನಿಸಿ.