ಬಿಡದ ಕೈ

ಮಾರ್ಚ್ ೧೪, ಮಂಗಳವಾರ

ಪ್ರೀತಿಯ ಮಗಳೇ,

ನೀನು ಸಿಟ್ಟಿನಿಂದ ಫೋನಿಟ್ಟ ಮೇಲೆ ನಾನೂ ತಿರುಗಿ ಫೋನ್ ಮಾಡಲಿಲ್ಲ. ತಡವಾಯಿತು, ಕ್ಷಮಿಸು. ಬಾಯಲ್ಲಿ ಹೇಳಲಾಗದ್ದನ್ನು ಬರೆದು ನೋಡುತ್ತೇನೆ. ಕಾಲಿನ ಬಾವು ಇಳಿಯಿತೇ? ತುಂಬು ತಿಂಗಳು, ಹೆಚ್ಚು ಹೊತ್ತು ನಿಲ್ಲಬೇಡ.

ನಮ್ಮ ಲಾಂಡ್ರಿಗೆ ಹೊಸ ಮೇಲ್ವಿಚಾರಕ ಬಂದಿದ್ದಾನೆ. ಬಟ್ಟೆ ಹಿಂಡುವ ದೊಡ್ಡ ಯಂತ್ರ ತಿರುಗಿದರೆ ನೆಲ ಅದುರುತ್ತದೆ. ನೀನು ಹುಟ್ಟುವ ಮೊದಲಿನ ಆ ಭೂಕಂಪ ಕಂಡ ನಾವು ಮೂವರು ಕೆಲಸದವರು ಆಗ ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ಬಾಗಿಲ ಚೌಕಟ್ಟಿನಲ್ಲಿ ಹೋಗಿ ನಿಲ್ಲುತ್ತೇವೆ. ಯಾರೂ ಯಾರನ್ನೂ ಕರೆಯುವುದಿಲ್ಲ, ಕಾಲೇ ಎಳೆದೊಯ್ಯುತ್ತದೆ. ಅವನಿಗೆ ನಗು. "ಏನ್ರಮ್ಮಾ, ಬಾಗಿಲು ಕಾಯ್ತಿದ್ದೀರಾ? ಯಾರು ಬರ್ತಾರೆ?"

"ತಾರಸಿ ಕಣಪ್ಪಾ. ಹೇಳದೆ ಕೇಳದೆ ಬರುತ್ತೆ," ಎಂದಳು ನಮ್ಮ ದಪ್ಪಕ್ಕ. ನಾವೂ ನಕ್ಕೆವು.

ಕಳೆದ ವಾರ ದಪ್ಪಕ್ಕ ಹಸುಗೂಸು ಮೊಮ್ಮಗಳನ್ನು ಕರೆತಂದಿದ್ದಳು. "ಒಂದ್ನಿಮಿಷ ಹಿಡ್ಕೊಳೇ," ಎಂದು ನನ್ನ ಎಡಗೈಗೆ ಕೊಟ್ಟು ಆಚೆ ಹೋದಳು. ಆಗಲೇ ಯಂತ್ರ ಶುರುವಾಯಿತು. ಆಮೇಲಿನದು ಸರಿಯಾಗಿ ನೆನಪಿಲ್ಲ. "ಬಿಡೇ! ಮಗೂಗೆ ಉಸಿರು ಕಟ್ತಿದೆ, ಬಿಡೇ!" ಎಂದು ಅವಳು ಕೂಗುತ್ತಿದ್ದಳು. ನಾನು ಬಿಡುತ್ತಲೇ ಇದ್ದೆ ಮಗಳೇ, ಕೈ ಬಿಡುತ್ತಿರಲಿಲ್ಲ. ಇಬ್ಬರು ಸೇರಿ ನನ್ನ ಬೆರಳುಗಳನ್ನು ಬಿಡಿಸಿದರು. ಮಗು ಚೆನ್ನಾಗಿದೆ. ದಪ್ಪಕ್ಕ ಬೈಯಲಿಲ್ಲ. ಆದರೆ ಮೊಮ್ಮಗಳನ್ನು ಮತ್ತೆ ಕರೆತಂದಿಲ್ಲ.

ಡಾಕ್ಟರು ಕೈಯನ್ನು ಮಡಿಸಿ ಚಾಚಿಸಿ ನೋಡಿ, "ಏನೂ ಇಲ್ಲಮ್ಮ, ವಯಸ್ಸಾಯ್ತಲ್ಲ," ಎಂದರು.

"ಹುಟ್ಟೋ ಮಗೂನ ಎತ್ಕೊಳ್ಳೋಕೂ ನಿನಗೆ ಪುರುಸೊತ್ತಿಲ್ವಾ?" ಎಂದು ಫೋನಿನಲ್ಲಿ ಕೇಳಿದೆಯಲ್ಲ, ಅದಕ್ಕೇ ಇಷ್ಟು ಬರೆದೆ. ಬರುತ್ತೇನೆ. ಅಡುಗೆ ಮಾಡುತ್ತೇನೆ, ಬಟ್ಟೆ ಒಗೆಯುತ್ತೇನೆ, ನಿನ್ನ ತಲೆ ಬಾಚುತ್ತೇನೆ. ಮಗುವನ್ನು ಮಾತ್ರ ನನ್ನ ಕೈಗೆ ಕೊಡಬೇಡ. ಹಾಸಿಗೆಯ ಮೇಲೆ ಮಲಗಿಸು, ಪಕ್ಕದಲ್ಲಿ ಕುಳಿತು ನೋಡುತ್ತೇನೆ. ಅಳಿಯಂದಿರು ಕೇಳಿದರೆ ಕೀಲುನೋವು ಎಂದುಬಿಡು.

ಹೆರಿಗೆ ಹೂವೆತ್ತಿದ ಹಾಗೆ ಆಗಲಿ. ಇಬ್ಬರೂ ನೂರ್ಕಾಲ ಬಾಳಿ.

ನಿನ್ನ
ಅಮ್ಮ

ತಾ.ಕ.: ನಿನ್ನ ಅಣ್ಣ ಆ ಭೂಕಂಪದಲ್ಲಿ ಮೈಮೇಲೆ ಗೋಡೆ ಬಿದ್ದು ತೀರಿಕೊಂಡನೆಂದು ನಿನಗೆ ಹೇಳುತ್ತ ಬಂದೆವು. ಕಲ್ಲುಮಣ್ಣಿನಡಿಯಿಂದ ನನ್ನನ್ನೂ ಅವನನ್ನೂ ಹೊರಗೆಳೆದಾಗ ಅವನ ಮೈಮೇಲೆ ಒಂದು ಗೀರೂ ಇರಲಿಲ್ಲ. "ಮೂಗಿಗೆ ಧೂಳು ಹೋಗಿದೆ," ಎಂದರು ನಿಮ್ಮಪ್ಪ. ಸಾಯುವತನಕ ಅದನ್ನೇ ಹೇಳಿದರು, ಪಾಪ. ಆದರೆ ಅವನ ಮುಖವನ್ನು ನಾನು ಎದೆಗೆ ಒತ್ತಿ ಹಿಡಿದಿದ್ದೆ. ಧೂಳು ಹೋಗುವುದಕ್ಕೂ ಅಲ್ಲಿ ದಾರಿಯಿರಲಿಲ್ಲ.